ಲಂಬೂ, ಬೇಸರ ಮಾಡಿಕೋಬೇಡ

ಲಂಬೂ,

ಉಜ್ಬೇಕಿಸ್ತಾನದಿಂದ ಬೀದರಿಗೆ ವಾಪಸ್ ಬಂದು ನಾಲ್ಕು ದಿನ ಆಯ್ತು. ಚೌಬಾರಾದಿಂದ ನಿಮ್ಮ ಮನೆಗೆ ನಡೆದರೆ ಹತ್ತು ನಿಮಿಷ. ಆದರೂ ಊರಿಗೆಲ್ಲ ಕಾಣುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಸಿಕ್ಕರೆ ನೀನು ಮೊದಲು ಕೇಳುವುದೇ ರೊಟ್ಟಿ ಎಲ್ಲಿ ಅಂತ.

ತಾಷ್ಕೆಂಟ್ ಬಿಡು, ಚಳಿ ಅಷ್ಟೇ ನೆನಪು. ಸಮರ್ಖಂಡದ ಸಿಯೋಬ್ ಬಜಾರಿನಲ್ಲಿ ಒಬ್ಬ ಹೆಂಗಸು ಕೂಸಿನ ತಳ್ಳುಗಾಡಿ ನೂಕಿಕೊಂಡು ಬಂದಳು. ಬಗ್ಗಿ ನೋಡಿದರೆ ಕೂಸಿಲ್ಲ, ಗಾಡಿ ತುಂಬ ರೊಟ್ಟಿ! ಅದಕ್ಕೆ ‘ನೋನ್’ ಅಂತಾರೆ. ದುಂಡಗೆ, ದಪ್ಪಗೆ, ನಡುವೆ ಚುಕ್ಕಿ ಚುಕ್ಕಿ ಅಚ್ಚು, ಮೇಲೆ ಎಳ್ಳು. ಒಂದು ಕೊಂಡು ಎದೆಗೆ ಅವಚಿಕೊಂಡೆ. ಸ್ವೆಟರ್ ದಾಟಿ ಬಿಸಿ ಒಳಗೆ ಬಂತು. ನಮ್ಮ ಖಡಕ್ ರೊಟ್ಟಿ ಹಾಗೆ ಪಟ್ ಅನ್ನುವುದಿಲ್ಲ, ಜಗ್ಗಿ ಹರಿಯಬೇಕು.

ಅಲ್ಲಿ ಉಳ್ಳಾಗಡ್ಡಿಗೆ ‘ಪಿಯೋಜ್’, ಚಹಾದ ಬಟ್ಟಲಿಗೆ ‘ಪಿಯೋಲಾ’. ಚಹಾದಂಗಡಿಯ ಮುದುಕ ಎದೆ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ನಾನೂ ಬಾಗಿಸಿದೆ. ಯಾರ ಮಗ, ಯಾವ ಓಣಿ, ಪಗಾರ ಎಷ್ಟು, ಒಂದೂ ಕೇಳಲಿಲ್ಲ. ಹಸಿರು ಚಹಾ ಕುಡಿಯುತ್ತ ಕೂತಾಗ ತಲೆಗೆ ಬಂತು: ಲಂಬೂ ಬರದಿದ್ದಿದ್ದೇ ಚಲೋ ಆಯ್ತು.

ನೀನಿದ್ದಿದ್ದರೆ ಒಂದು ತಾಸಿನೊಳಗೆ ಎಲ್ಲಕ್ಕೂ ಬೀದರಿನ ಹೆಸರಿಡುತ್ತಿದ್ದೆ. ನನ್ನ ಮುಖ ನೋಡಿ ‘ಇವನಿಗೆ ಹಸಿವಾಗಿದೆ’ ಅನ್ನುತ್ತಿದ್ದೆ. ಹಸಿವಾಗಿಯೇ ಇರುತ್ತಿತ್ತು, ಅದೇ ತೊಂದರೆ. ಒಬ್ಬನೇ ಇದ್ದಾಗ ನಾನು ಬೇರೆ ಯಾರೋ ಆಗಿದ್ದೆ, ಮಾತು ಕಡಿಮೆ, ಸ್ವಲ್ಪ ಧೈರ್ಯ ಜಾಸ್ತಿ. ನಿನಗೆ ರಜೆ ಸಿಗುವ ಹೊತ್ತಿಗೆ ಟಿಕೆಟ್ ದರ ಏರಿತು ಅಂದಿದ್ದೆನಲ್ಲ, ಅದು ಸುಳ್ಳು. ನಿನ್ನ ರಜೆ ಕೇಳುವ ಮೊದಲೇ ಒಂದೇ ಟಿಕೆಟ್ ಮಾಡಿಸಿದ್ದೆ.

ಇಷ್ಟು ಬರೆಯಬೇಕು ಅಂತ ಇರಲಿಲ್ಲ.

ಇರಲಿ, ಸಮರ್ಖಂಡದ ರೇಗಿಸ್ತಾನ್ ಚೌಕದ ಕಥೆ ಕೇಳು. ಅಲ್ಲಿ ಉಲುಗ್ ಬೇಗನ ಮದರಸಾ ಕಟ್ಟಿ ಮುಗಿದಿದ್ದು 1420ರಲ್ಲಿ, ನಮ್ಮ ಬೀದರಿನ ಮಹಮೂದ್ ಗವಾನನ ಮದರಸಾ 1472ರದು. ಅಲ್ಲಿ ರಿಪೇರಿ ಮಾಡಿ ಗೋಡೆ ತುಂಬ ನೀಲಿ ಹೆಂಚು ಮೆರೆಸಿದ್ದಾರೆ. ನಮ್ಮ ಮಿನಾರಿನ ಮೇಲೆ ಉದುರಿ ಉಳಿದಷ್ಟು. ಕತ್ತೆತ್ತಿ ನೋಡುತ್ತ, ‘ಲೇ, ನಮ್ಮದು ಇದರ ತಮ್ಮ ಅಲ್ವಾ?’ ಅಂತ ಪಕ್ಕಕ್ಕೆ ತಿರುಗಿ ಕನ್ನಡದಲ್ಲೇ ಕೇಳಿದೆ. ಸೆಲ್ಫಿ ತೆಗೆಯುತ್ತಿದ್ದ ಹೆಂಗಸು ಎರಡು ಹೆಜ್ಜೆ ದೂರ ಸರಿದಳು.

ನಿನಗಂತ ಒಂದು ನೋನ್ ತಂದಿದ್ದೆ. ಹೈದರಾಬಾದಿನಿಂದ ಬಸ್ಸು ಜಹೀರಾಬಾದ್ ದಾಟುವಷ್ಟರಲ್ಲಿ ಮುಕ್ಕಾಲು ಖಾಲಿ. ಉಳಿದ ತುಂಡು ಭಾನುವಾರ ತರುತ್ತೇನೆ, ಚಹಾದಲ್ಲಿ ಅದ್ದಿ ತಿನ್ನು. ಝರಣಿ ನರಸಿಂಹನ ಗುಹೆಗೆ ಮಾತ್ರ ಕರೀಬೇಡ. ನಿನ್ನ ಕನ್ನಡಕ ಇನ್ನೂ ಬಾವಲಿ ಹತ್ತಿರಾನೇ ಇದೆ.