ಶಾಸಕರೇ, ಬಸ್ ಸ್ಟ್ಯಾಂಡಿನ ಆ ಬೀಗ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನನಗೆ ಈಗ 49. ಕೊಪ್ಪಳ ಜಿಲ್ಲೆಯವಳು, ದಿನಾ ಬಸ್ಸಿನಲ್ಲೇ ಕೆಲಸಕ್ಕೆ ಹೋಗಿ ಬರುತ್ತೇನೆ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೂ ನನಗೆ ಮೂತ್ರ ಹೋಗಿಬಿಡುತ್ತದೆ. ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ ಅಂದರೆ ಎಷ್ಟು ರೋಸಿ ಹೋಗಿರಬೇಕು ನೋಡಿ.

ಹೋದ ತಿಂಗಳು ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಹೆಂಗಸರ ಶೌಚಾಲಯಕ್ಕೆ ಬೀಗ. ಚಾವಿ ಯಾರ ಹತ್ರ ಅಂದರೆ "ಚಹಾ ಕುಡಿಯಾಕ ಹೋಗ್ಯಾನ, ಬರ್ತಾನ ಇರ್ರಿ" ಅಂದರು. ಪಕ್ಕದ ಬಂಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು, ಆ ಘಾಟು ಗಂಟಲಿಗೆ ಹತ್ತಿ ಕೆಮ್ಮು ಶುರುವಾಯಿತು, ಒಂದು ಕೈಲಿ ಬಾಯಿ ಮುಚ್ಚಿ ಇನ್ನೊಂದರಲ್ಲಿ ಆ ಬೀಗ ಹಿಡಿದುಕೊಂಡು ಕಾಲು ಒತ್ತಿ ನಿಂತೆ, ಆಗಲಿಲ್ಲ. ಸೀರೆಯ ಹಿಂದೆಲ್ಲ ಒದ್ದೆ. ಆಮೇಲೆ ಬಂದ ಪುಣ್ಯಾತ್ಮ ಕೇಳಿದ್ದು ಐದು ರೂಪಾಯಿ! ಟಿಫಿನ್ ಚೀಲ ಹಿಂದಕ್ಕೆ ಅಡ್ಡ ಹಿಡಿದು, ಸೀಟು ಖಾಲಿ ಇದ್ದರೂ ಊರ ತನಕ ನಿಂತೇ ಬಂದೆ.

2023ರ ಜೂನ್‌ನಿಂದ ನಮಗೆ ಬಸ್ ಫ್ರೀ. ಒಂದಕ್ಕೆ ಹೋಗೋಕೆ ಮಾತ್ರ ಟಿಕೆಟ್. ಅದೇ ಗೋಡೆ ಮೇಲೆ 'ಮೂತ್ರ ವಿಸರ್ಜನೆ ಉಚಿತ' ಅಂತ ಬರೆದಿದೆ. ನಿಯಮ ನಿಮಗೆ ಗೊತ್ತಿದ್ದದ್ದೇ. ಬೀಗ ತೆಗೆಸಿ.

ಆಸ್ಪತ್ರೆಯಲ್ಲಿ ಕೇಳಿದರೆ "ವಯಸ್ಸಾಯ್ತಲ್ಲಮ್ಮಾ" ಅಂದರು. ಅದೇನು ಔಷಧಿನಾ? ಮೂತ್ರ ಹಿಡಿದಿಡುವ ಸ್ನಾಯು ಹೆರಿಗೆಯಲ್ಲಿ ಸಡಿಲವಾಗಿರುತ್ತದೆ, ಮುಟ್ಟು ನಿಲ್ಲುವ ಹೊತ್ತಿಗೆ ಇನ್ನೂ ಬಲ ಕಳೆದುಕೊಳ್ಳುತ್ತದೆ. ಮೂತ್ರ ತಡೆಯುವಾಗ ಬಿಗಿಯುತ್ತೇವಲ್ಲ, ಹಾಗೇ ಆ ಸ್ನಾಯು ಬಿಗಿಹಿಡಿದು, ಆಮೇಲೆ ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂರು ತಿಂಗಳು ಬಿಡದೆ ಮಾಡಿದರೆ ಬಹಳ ಜನಕ್ಕೆ ಕಡಿಮೆಯಾಗುತ್ತದೆ. ಇಷ್ಟನ್ನು ಕಲಿಯೋಕೆ ನಾನು ಹುಬ್ಬಳ್ಳಿಗೆ ಹೋಗಬೇಕಾಯಿತು. ಅಲ್ಲೀತನಕ ನೀರು ಕುಡಿಯೋದನ್ನೇ ಬಿಟ್ಟಿದ್ದೆ, ಅದೂ ನಮ್ಮ ಬೇಸಿಗೆಯಲ್ಲಿ! ನೀರು ಬಿಟ್ಟರೆ ಉರಿ ಜಾಸ್ತಿ, ಅವಸರವೂ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ನನ್ನ ಜೊತೆ ಬಸ್ಸು ಹತ್ತುವ ಎಷ್ಟೋ ಹೆಂಗಸರು ಈಗಲೂ ಅದನ್ನೇ ಮಾಡುತ್ತಾರೆ.

ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನು ಕಲಿಸುವವರನ್ನು ಕೂರಿಸಿ. ಅದು ತಡವಾದರೂ ಸರಿ, ಬೀಗ ಮಾತ್ರ ನಾಳೆಯೇ ತೆಗೆಸಿ. ಮೊದಲ ಬಸ್ಸಿನಿಂದ ಕೊನೆ ಬಸ್ಸಿನ ತನಕ ಬಾಗಿಲು ತೆಗೆದಿರಲಿ.

ನೀವು ಉದ್ಘಾಟನೆಗೆ ಬಂದ ದಿನ ತೆಗೆದೇ ಇತ್ತು, ಫಿನಾಯಿಲ್ ವಾಸನೆ ಘಮ್ಮೆನ್ನುತ್ತಿತ್ತು. ಇನ್ನೊಮ್ಮೆ ಬರೋದಾದರೆ ಸುಮ್ನೆ ಬನ್ನಿ, ಹೇಳದೆ.

ಇಂತಿ,
ನಿಮಗೆ ವೋಟು ಹಾಕಿದವಳು