ಎಂಆರ್‌ಐ ಕೋಣೆ: ರೋಗಿ ಹೊರಗೆ ಬರಲಿ, ಸಿಲಿಂಡರ್ ಒಳಗೆ ಬೇಡ

ಮಾನ್ಯರೆ,

ಸ್ಕ್ಯಾನ್ ನಡುವೆ ರೋಗಿಯ ಹೃದಯ ನಿಂತರೆ ವೈದ್ಯರ ತಂಡ ಒಳಗೆ ನುಗ್ಗುವುದು ಸಹಜ. ಎಂಆರ್‌ಐ ಕೋಣೆಯಲ್ಲಿ ಅದೇ ದೊಡ್ಡ ತಪ್ಪು. ಯಂತ್ರದ 1.5 ಟೆಸ್ಲಾ (ಕಾಂತಬಲದ ಅಳತೆ) ಅಯಸ್ಕಾಂತ ಸ್ಕ್ಯಾನ್ ಇಲ್ಲದ ವೇಳೆಯಲ್ಲೂ, ಭಾನುವಾರ ರಾತ್ರಿಯೂ ಎಳೆಯುತ್ತಲೇ ಇರುತ್ತದೆ. ಕತ್ತರಿ, ಗಂಟಲು ನೋಡುವ ಲ್ಯಾರಿಂಗೊಸ್ಕೋಪಿನ ಬ್ಯಾಟರಿ, ಆಮ್ಲಜನಕದ ಉಕ್ಕಿನ ಸಿಲಿಂಡರ್ ಎಲ್ಲವೂ ಹಾರಿಹೋಗುತ್ತವೆ.

ಮಾಡಬೇಕಾದ್ದು ಇಷ್ಟು: ಸ್ಕ್ಯಾನ್ ನಿಲ್ಲಿಸಿ ಮೇಜನ್ನು ಹೊರಗೆಳೆಯಬೇಕು, ಕೂಡಲೇ ಎದೆ ಒತ್ತಲು ಶುರುಮಾಡಬೇಕು, ಕಬ್ಬಿಣವಿಲ್ಲದ ಟ್ರಾಲಿಯಲ್ಲಿ ರೋಗಿಯನ್ನು ಹೊರಗೆ ತಂದು ಬಾಗಿಲು ಹಾಕಬೇಕು. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್, ಆಮ್ಲಜನಕ ಮೊದಲೇ ಗೊತ್ತುಮಾಡಿದ ಹೊರಗಿನ ಜಾಗದಲ್ಲಿ ಕಾಯುತ್ತಿರಬೇಕು. ಬಾಗಿಲಲ್ಲಿ ಒಬ್ಬರು ನಿಂತು, ಓಡಿಬರುವವರನ್ನು ತಡೆಯಲೇಬೇಕು. ಬಂದವರು ಎಷ್ಟೇ ದೊಡ್ಡ ಡಾಕ್ಟರಾಗಿರಲಿ.

‘ಗುಂಡಿ ಒತ್ತಿ ಅಯಸ್ಕಾಂತ ಆರಿಸಿದರಾಯಿತು’ ಎನ್ನುವವರಿದ್ದಾರೆ. ಗೋಡೆಯ ಮೇಲೆ ಎರಡು ಗುಂಡಿಗಳಿರುತ್ತವೆ. ಒಂದು ವಿದ್ಯುತ್ ಕಡಿಯುತ್ತದೆ, ಅಯಸ್ಕಾಂತ ಹಾಗೆಯೇ ಉಳಿಯುತ್ತದೆ. ಇನ್ನೊಂದು ಕ್ವೆಂಚ್, ಅಂದರೆ ಅಯಸ್ಕಾಂತವನ್ನೇ ಆರಿಸುವ ಗುಂಡಿ. ಒತ್ತಿದರೂ ಕಾಂತಬಲ ಇಳಿಯಲು ಒಂದು ನಿಮಿಷಕ್ಕೂ ಹೆಚ್ಚು ಬೇಕಾಗಬಹುದು. ರೋಗಿಯನ್ನು ಹೊರತರುವುದೇ ಬೇಗ. ಯಂತ್ರಕ್ಕೂ ವಸ್ತುವಿಗೂ ನಡುವೆ ಮನುಷ್ಯ ಸಿಕ್ಕಿಕೊಂಡಾಗ ಮಾತ್ರ ಕ್ವೆಂಚ್ ಗುಂಡಿಗೆ ಕೈಹಾಕಬೇಕು.

ಕ್ವೆಂಚ್ ಆದಾಗ ಅಯಸ್ಕಾಂತವನ್ನು ತಂಪಾಗಿಡುವ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಕುದಿದು, ಒಂದು ಲೀಟರು ಸುಮಾರು 700 ಲೀಟರು ಅನಿಲವಾಗುತ್ತದೆ. ಅದು ಹೊರಕೊಳವೆಯಲ್ಲಿ ಹೋಗಬೇಕು. ಕೊಳವೆಯ ಬಾಯಲ್ಲಿ ಪಾರಿವಾಳ ಗೂಡು ಕಟ್ಟಿದ್ದರೆ (ತಮಾಷೆಯಲ್ಲ) ಅನಿಲ ಕೋಣೆಗೆ ನುಗ್ಗಿ ಆಮ್ಲಜನಕವನ್ನು ಹೊರದೂಡುತ್ತದೆ. ಒಳಗಿನ ಒತ್ತಡಕ್ಕೆ, ಒಳಮುಖವಾಗಿ ತೆರೆಯುವ ಬಾಗಿಲು ತೆರೆಯದೇ ಹೋಗಬಹುದು. ಆಗ ಕಿಟಕಿಯ ಗಾಜು ಒಡೆಯಬೇಕಾದೀತು. ಕೋಣೆಯಲ್ಲಿ ಆಮ್ಲಜನಕ ಅಳೆಯುವ ಅಲಾರಂ ಇದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ಆಸ್ಪತ್ರೆಗಳೆಷ್ಟು?

2014ರಲ್ಲಿ ನವಿ ಮುಂಬೈನ ಖಾರ್ಘರ್‌ನಲ್ಲಿ ವಾರ್ಡ್‌ಬಾಯ್ ಸಿಲಿಂಡರ್ ಒಳಗೆ ತಂದ. ಅವನೂ ತಂತ್ರಜ್ಞನೂ ಯಂತ್ರಕ್ಕೆ ಅಂಟಿಕೊಂಡು ಸುಮಾರು ನಾಲ್ಕು ಗಂಟೆ ನರಳಿದರು; ಅಯಸ್ಕಾಂತ ಆರಿಸುವ ಗುಂಡಿ ಕೆಲಸ ಮಾಡಲಿಲ್ಲ. 2018ರ ಜನವರಿಯಲ್ಲಿ ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ಸಿಲಿಂಡರ್ ಹಿಡಿದು ಒಳಹೋದ ರೋಗಿಯ ಸಂಬಂಧಿ ಪ್ರಾಣ ಕಳೆದುಕೊಂಡರು. ಎರಡೂ ಕಡೆ ಸಿಲಿಂಡರ್ ಹೊತ್ತವರು ವೈದ್ಯರಲ್ಲ. ಹಾಗಿದ್ದೂ ನಮ್ಮಲ್ಲಿ ಎಂಆರ್‌ಐ ತರಬೇತಿ ರೇಡಿಯಾಲಜಿ ವಿಭಾಗ ದಾಟುವುದೇ ಅಪರೂಪ. ವಾರ್ಡ್‌ಬಾಯ್, ಆಯಾ, ಕಾವಲುಗಾರ, ಆಂಬ್ಯುಲೆನ್ಸ್ ಚಾಲಕ ಎಲ್ಲರನ್ನೂ ಸೇರಿಸಿ, ರಾತ್ರಿ ಪಾಳಿಯಲ್ಲೇ ಅಣಕು ಕಾರ್ಯಾಚರಣೆ ನಡೆಸಲಿ. ಗಡಿಯಾರ ಹಿಡಿದು, ರೋಗಿ ಹೊರಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಡಲಿ.

– ಎಂಆರ್‌ಐ ತಂತ್ರಜ್ಞರು, ಮೈಸೂರು