ದೇವರ ದನಿ ಕೇಳಿಸುತ್ತದಾ ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಮೆಲ್ಬರ್ನ್ ಬಿಟ್ಟು ಧಾರವಾಡಕ್ಕೆ ವಾಪಸ್ ಬರಬೇಕೋ ಬೇಡವೋ ಎಂಬ ಗೊಂದಲ, ಹೆಂಡತಿಯ ಕೆಲಸ, ಮಗಳ ಶಾಲೆ, ಎಲ್ಲ ಹೇಳಿದೆ. ಕೊನೆಗೆ ಕೇಳಿದ್ದು ಒಂದೇ ಮಾತು: "ದೇವರು ಏನು ಹೇಳ್ತಿದ್ದಾರೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?" ಫೋನಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೇ ಈ ಪತ್ರ. ಎಲ್ಲರೂ ಓದುವ ಕಡೆ ಹಾಕು ಎಂದವನು ನೀನೇ, ಆಮೇಲೆ ತಕರಾರು ತೆಗೆಯಬೇಡ. ಹಂಚಿನ ಮೇಲಿನ ಕತೆ ಮಾತ್ರ ಇಲ್ಲಿ ಬರುವುದಿಲ್ಲ, ಮಾತು ಕೊಡುತ್ತೇನೆ.

ದೇವರ ಜೊತೆ ಮಾತಾಡುವುದನ್ನು ನಮಗೆ ಸಂಡೇ ಸ್ಕೂಲಿನಲ್ಲೇ ಕಲಿಸಿದರು. ಮೊದಲು ಸ್ತೋತ್ರ, ಆಮೇಲೆ ಬೇಡಿಕೆ, ಆಮೇಲೆ ಬೇರೆಯವರಿಗಾಗಿ ಪ್ರಾರ್ಥನೆ, ಕೊನೆಗೆ ಆಮೆನ್. ಸುಮ್ಮನಿರುವುದನ್ನು ಯಾರೂ ಕಲಿಸಲಿಲ್ಲ. ಈಗಲೂ ಹಾಗೇ. ಭಾನುವಾರದ ಆರಾಧನೆಯಲ್ಲಿ ಅಯ್ಯನವರು, ಅಂದರೆ ನಮ್ಮ ಪಾಸ್ಟರ್, "ಮೌನವಾಗಿ ನಮ್ಮ ಪಾಪಗಳನ್ನು ಅರಿಕೆಮಾಡೋಣ" ಅನ್ನುತ್ತಾರೆ. ತಲೆ ಬಗ್ಗಿಸಿ ಒಂದು ಉಸಿರು ಬಿಡುವಷ್ಟರಲ್ಲಿ ಕೀಬೋರ್ಡ್ ಮೆಲ್ಲಗೆ ಶುರುವಾಗುತ್ತದೆ. ನುಡಿಸುವ ಹುಡುಗ ಭಕ್ತಿಯಿಂದಲೇ ನುಡಿಸುತ್ತಾನೆ, ಅವನ ಮೇಲೆ ನನಗೆ ದೂರಿಲ್ಲ. ಆದರೆ ಅರ್ಧ ನಿಮಿಷ ಸದ್ದಿಲ್ಲದಿದ್ದರೆ ಇಡೀ ಸಭೆಗೆ ಕಸಿವಿಸಿ. ಯಾರೋ ಕೆಮ್ಮುತ್ತಾರೆ, ಯಾರೋ ಬೈಬಲ್ ಹಾಳೆ ತಿರುವುತ್ತಾರೆ.

ನಿನ್ನ ಪ್ರಶ್ನೆ ಕೇಳಿದಾಗ ನನಗೆ ನೆನಪಾದವರು ಡೀಟ್ರಿಶ್ ಬಾನ್‌ಹಾಫರ್. ಹಿಟ್ಲರನ ಎದುರು ನಿಂತ ಜರ್ಮನ್ ಪಾಸ್ಟರ್. 1935ರಿಂದ 1937ರವರೆಗೆ ಫಿಂಕನ್‌ವಾಲ್ಡೆ ಎಂಬಲ್ಲಿ ಪಾಸ್ಟರ್ ಆಗಲು ಬಂದ ಹುಡುಗರಿಗೆ ತರಬೇತಿ ಕೊಟ್ಟರು. ಅಲ್ಲಿ ದಿನಾ ಅರ್ಧ ಗಂಟೆ ಮೌನ. ವಾರಪೂರ್ತಿ ಬೈಬಲಿನ ಒಂದೇ ಭಾಗ ಹಿಡಿದುಕೊಂಡು ಕೂರಬೇಕು. ಅದರಿಂದ ಪ್ರಸಂಗ, ಅಂದರೆ ಚರ್ಚಿನಲ್ಲಿ ಕೊಡುವ ಉಪದೇಶ, ತಯಾರು ಮಾಡುವ ಹಾಗಿಲ್ಲ. ಹುಡುಗರು ಗೊಣಗಿದರು. ಮನಸ್ಸು ನಿಲ್ಲುವುದಿಲ್ಲ ಅಂದರು, ಕೆಲವರಿಗೆ ನಿದ್ದೆಯೇ ಬಂತು. ಬಾನ್‌ಹಾಫರ್ ಬಿಡಲಿಲ್ಲ. ಕೊನೆಗೆ ಹಿಟ್ಲರನ ಗುಪ್ತ ಪೊಲೀಸರು, ಗೆಸ್ಟಾಪೋ, ಬಂದು ಆ ಶಾಲೆಯನ್ನೇ ಮುಚ್ಚಿಸಿತು.

1939ರ ಜೂನ್‌ನಲ್ಲಿ ಸ್ನೇಹಿತರು ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಅಲ್ಲಿದ್ದರೆ ಜೀವಕ್ಕೆ ಭಯವಿಲ್ಲ. ಆದರೆ ಎರಡು ವಾರ ಕಳೆಯುವ ಮೊದಲೇ ಅವರು ವಾಪಸ್ ಹೋಗುವುದೆಂದು ತೀರ್ಮಾನ ಮಾಡಿದ್ದರು. ನಿನಗೆ ಇದು ಬೇಕು ಅನ್ನಿಸಿತು: ತಾನು ಮಾಡುವ ತೀರ್ಮಾನಗಳ ಹಿಂದಿನ ಕಾರಣ ತನಗೇ ಪೂರ್ತಿ ತಿಳಿಯುವುದಿಲ್ಲ ಎಂದು ಆಗ ಡೈರಿಯಲ್ಲಿ ಬರೆದುಕೊಂಡರು. ದರ್ಶನವಿಲ್ಲ, ಗುರುತಿಲ್ಲ. ಕೆಲವು ದಿನ ಕಳೆದು, ಜೂನ್ 26ರಂದು, ಓದುತ್ತಿದ್ದಾಗ ಒಂದು ವಚನ ಸಿಕ್ಕಿತು. ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದದ್ದು, ಚಳಿಗಾಲಕ್ಕೆ ಮೊದಲೇ ಬರಲು ಪ್ರಯತ್ನ ಮಾಡು ಅಂತ. ಇಡೀ ದಿನ ಆ ಮಾತು ಅವರ ಬೆನ್ನು ಬಿಡಲಿಲ್ಲ. ಜುಲೈನಲ್ಲಿ ಹಡಗು ಹತ್ತಿದರು. ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು.

ಆ ವಚನವನ್ನು ತೆಗೆದು ನೋಡು. ಅದು ಸೆರೆಯಲ್ಲಿದ್ದ ಒಬ್ಬ ಮುದುಕ ಮನೆಯವರ ಜೊತೆ ಆಡುವಂಥ ಮಾತು ಅಷ್ಟೇ. ತ್ರೋವದಲ್ಲಿ ಬಿಟ್ಟು ಬಂದ ಮೇಲಂಗಿ ತಗೊಂಡು ಬಾ, ಪುಸ್ತಕಗಳನ್ನೂ ತಾ ಅನ್ನುತ್ತಾನೆ. ಡಿಸೆಂಬರ್ 31ರ ರಾತ್ರಿ ಚರ್ಚಿನಲ್ಲಿ ಹೊಸ ವರ್ಷಕ್ಕೆಂದು ನಾವು ತೆಗೆಯುವ ವಾಗ್ದಾನದ ವಚನದ ಕಾರ್ಡಿನಲ್ಲಿ ಇಂಥ ವಚನ ಯಾರೂ ಅಚ್ಚು ಹಾಕಿಸುವುದಿಲ್ಲ. (ನಿನಗೆ ಬರುತ್ತಿದ್ದ ಕಾರ್ಡ್ ನೆನಪಾಯಿತು. ನಿನ್ನ ತಮ್ಮನಿಗೂ ನೆನಪಿದೆಯಂತೆ.) ಬಾನ್‌ಹಾಫರ್‌ಗೆ ಅದು ತಾಗಿದ್ದು, ವರ್ಷಗಟ್ಟಲೆ ಸುಮ್ಮನೆ ಕೂತು ಓದಿದ ಅಭ್ಯಾಸ ಇದ್ದದ್ದಕ್ಕೆ ಎಂದು ನಾನು ನಂಬುತ್ತೇನೆ.

ಈಗ ನಿನ್ನ ಪ್ರಶ್ನೆಗೆ ನೇರ ಉತ್ತರ. ನನಗೆ ದೇವರ ದನಿ ಯಾವತ್ತೂ ಕೇಳಿಸಿಲ್ಲ. ಕಿವಿಗೂ ಇಲ್ಲ, ಮನಸ್ಸಿನೊಳಗೂ ಇಲ್ಲ. ಪ್ರಾರ್ಥನಾ ಕೂಟದಲ್ಲಿ "ಕರ್ತರು ನನ್ನ ಸಂಗಡ ಮಾತಾಡಿದರು" ಎಂದು ಸಾಕ್ಷಿ ಹೇಳುತ್ತಾರಲ್ಲ, ಅವರನ್ನು ನಾನು ನಂಬುತ್ತೇನೆ. ಕೆಲವರ ಬದುಕನ್ನು ಹತ್ತಿರದಿಂದ ನೋಡಿದ್ದೇನೆ, ಸುಳ್ಳು ಹೇಳುವ ಜನ ಅಲ್ಲ. ನನ್ನ ಸರದಿ ಬಂದಾಗ ಒಂದು ವಚನ ಓದಿ ಕೂತುಕೊಳ್ಳುತ್ತೇನೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ.

ಅವ್ವನಿಗೆ ಸ್ಟ್ರೋಕ್ ಆದದ್ದು ನಿನಗೆ ಗೊತ್ತು. ಬಲಗೈ, ಬಲಗಾಲು ಹೋದವು. ಜೊತೆಗೆ ಮಾತೂ ಹೋಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಹೀಗಾಗುತ್ತದಂತೆ. ಮಾತು ಹೋದರೂ ಬಾಯಿಪಾಠದ ಪ್ರಾರ್ಥನೆ, ಹಳೇ ಹಾಡು ಉಳಿದಿರಬಹುದು ಎಂದು ಡಾಕ್ಟರ್ ಹೇಳಿದ್ದರು. ಅದು ನಿಜವಾಯಿತು. ನೀರು ಬೇಕು ಅನ್ನಲು ಬಾರದ ಅವ್ವ, ನಾನು "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂದರೆ ಸಾಕು, ಕೊನೇವರೆಗೂ ಹೇಳುತ್ತಾಳೆ. ಹೇಳುವಾಗ ಎಡಗೈ ಬೆರಳು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಟಕ್ ಟಕ್ ಅನ್ನುತ್ತಿರುತ್ತದೆ. ಆಮೆನ್ ಆದ ಮೇಲೆ ನನ್ನ ಮುಖ ನೋಡುತ್ತಾಳೆ. ಬಾಯಿ ತೆರೆಯುತ್ತಾಳೆ. ಏನೂ ಬರುವುದಿಲ್ಲ.

ರಾತ್ರಿ ಅವಳಿಗೆ ನಿದ್ದೆ ಹತ್ತಿದ ಮೇಲೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸುಮ್ನೆ ಕೂರುತ್ತೇನೆ. ಫೋನು ಅಡಿಗೆಮನೆಯಲ್ಲಿರುತ್ತದೆ. ಮೊದಲು ನಾಳೆಯ ಕೆಲಸಗಳು ನೆನಪಾಗುತ್ತವೆ. ಡೈಪರ್ ತರಬೇಕು, ಫಿಸಿಯೋಥೆರಪಿಗೆ ದುಡ್ಡು ಕೊಡಬೇಕು. ಅದೆಲ್ಲ ಅಡಗಿದ ಮೇಲೆ ತಳದಿಂದ ಒಂದು ಮಾತು ಏಳುತ್ತದೆ. ದೇವರದಲ್ಲ, ನನ್ನದೇ. "ಸಾಕು, ಇವಳನ್ನು ಕರಕೋ." ಅವಳ ಸಂಕಟ ನೋಡಲಾರದೆ ಹುಟ್ಟಿದ ಮಾತೋ, ನನಗೇ ಸುಸ್ತಾಗಿ ಹುಟ್ಟಿದ ಮಾತೋ, ಬಿಡಿಸಿ ಹೇಳಲಾರೆ. ಬಾಯಿಬಿಟ್ಟು ಪ್ರಾರ್ಥಿಸುವಾಗ ಇದು ಬರುವುದೇ ಇಲ್ಲ. ಆಗ ಗುಣಪಡಿಸು ಅಂತಲೇ ಬೇಡುತ್ತೇನೆ, ಅದೂ ಮನಸಾರೆ. ಸುಮ್ಮನೆ ಕೂತಾಗ ಮಾತ್ರ ಇದು ಬರುತ್ತದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುವ ಯೋಚನೆಯೂ ಇರಲಿಲ್ಲ.

ಆ ಹೊತ್ತಿನಲ್ಲಿ ನಾನು ಓದುವುದು ಬೈಬಲಿನ 1 ಅರಸುಗಳು 19ನೇ ಅಧ್ಯಾಯ, ಪ್ರವಾದಿ ಎಲೀಯನ ಕತೆ. ಬಿರುಗಾಳಿ, ಭೂಕಂಪ, ಬೆಂಕಿ, ಆಮೇಲೆ ಮೆಲುದನಿ. ಪ್ರಸಂಗಗಳಲ್ಲಿ ನಾವು ಜಾಸ್ತಿ ಕೇಳಿದ್ದು ಅಷ್ಟನ್ನೇ. ಅದಕ್ಕೂ ಮೊದಲು ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡುತ್ತಾನೆ. ದೇವರು ಅವನನ್ನು ಬೈಯುವುದಿಲ್ಲ. ಮಲಗಲು ಬಿಡುತ್ತಾರೆ. ದೂತ ಬಂದು ತಟ್ಟಿ ಎಬ್ಬಿಸಿದರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೆ ಎಬ್ಬಿಸಿ, ಮತ್ತೆ ಉಣ್ಣಲು ಹೇಳುತ್ತಾನೆ. ದಾರಿ ದೂರ ಇದೆ, ನಿನ್ನ ಶಕ್ತಿ ಸಾಲದು ಅನ್ನುತ್ತಾನೆ. ಈ ಸಾಲು ಬಂದಾಗ ನನಗೆ ಮುಂದೆ ಓದಲು ಆಗುವುದಿಲ್ಲ.

ಹೋರೇಬ್ ಬೆಟ್ಟದಲ್ಲಿ ದೇವರು ಎಲೀಯನನ್ನು ಇಲ್ಲೇನು ಮಾಡುತ್ತೀ ಎಂದು ಕೇಳುತ್ತಾರೆ. ಅವನು ತನ್ನ ದೂರು ಹೇಳಿಕೊಳ್ಳುತ್ತಾನೆ. ಮೆಲುದನಿ ಕೇಳಿದ ಮೇಲೆ ಮತ್ತೆ ಅದೇ ಪ್ರಶ್ನೆ. ಎಲೀಯನ ಉತ್ತರವೂ ಅದೇ, 10ನೇ ವಚನ ಮತ್ತು 14ನೇ ವಚನ ಪಕ್ಕಪಕ್ಕ ಇಟ್ಟು ಓದಿ ನೋಡು. ಅಂಥ ದನಿ ಕೇಳಿದ ಮೇಲೂ ದೂರು ಹಾಗೇ ಇದೆ. ಎರಡು ಸಲವೂ ದೇವರು ಪೂರ್ತಿ ಕೇಳಿಸಿಕೊಂಡರು. ಆಮೇಲೆಯೇ ಬಂದ ದಾರಿಯಲ್ಲಿ ತಿರುಗಿ ಹೋಗು ಎಂದರು. ಆ ಬೆಟ್ಟದ ಮೇಲೆ ಸುಮ್ಮನಿದ್ದು ಕೇಳಿಸಿಕೊಂಡವರು ದೇವರೇ, ಅಲ್ವಾ?

ನನಗೆ ಸಿಕ್ಕಿದ್ದು ಇದು. ನನಗೆ ಏನೂ ಕೇಳಿಸದಿದ್ದರೂ ನನ್ನನ್ನು ಕೇಳಿಸಿಕೊಳ್ಳುವವರು ಅಲ್ಲಿ ಇದ್ದಾರೆ. ಯಾರಿಗೂ ಹೇಳದ ಆ ಮಾತನ್ನೂ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಅವ್ವನ ಮಗ್ಗುಲು ಬದಲಿಸಿ, ಹೊದಿಕೆ ಸರಿಮಾಡಿ ಮಲಗುತ್ತೇನೆ. ಬೆಳಿಗ್ಗೆ ಎದ್ದಾಗ ಆ ದಿನಕ್ಕೆ ಸಾಕಾಗುವಷ್ಟು ಬಲ ಇರುತ್ತದೆ. ಎಲೀಯನ ರೊಟ್ಟಿ ನೀರು ನನಗೆ ಹಾಗೆ ಬರುತ್ತಿದೆ ಎಂದುಕೊಂಡಿದ್ದೇನೆ.

ನೀನು ಬರಬೇಕೋ ಬೇಡವೋ ನಾನು ಹೇಳಲಾರೆ. ಮಗಳು ಮಲಗಿದ ಮೇಲೆ ಅರ್ಧ ಗಂಟೆ ಕೂತು ನೋಡು. ಹಾಡು ಬೇಡ, ಪ್ರಸಂಗದ ವಿಡಿಯೋ ಬೇಡ. ಧಾರವಾಡ ಬೇಕು ಅನ್ನುವ ಆಸೆಯ ಕೆಳಗೆ ಏನಿದೆಯೋ ಅದು ಮೇಲೆ ಬರಲಿ. ಚೆನ್ನಾಗಿಲ್ಲದಿದ್ದರೂ ಬರಲಿ.

ಸಾಕು, ಜಾಸ್ತಿಯೇ ಬರೆದೆ. ಡಿಸೆಂಬರಿನಲ್ಲಿ ರಜೆಗಂತೂ ಬರುತ್ತೀಯಲ್ಲ? ಕ್ಯಾರಲ್ಸ್ ತಂಡದಲ್ಲಿ ನಿನ್ನ ಹೆಸರು ಬರೆಸಿದ್ದೇನೆ, ಡೋಲಕ್ ನಿನ್ನದೇ. ಮಾಳಮಡ್ಡಿಯ ಆ ಮನೆಗೆ ಕೊನೆಗೆ ಹೋಗೋಣ, ಯಾಕೆ ಅಂತ ನಿನಗೆ ಗೊತ್ತು. ಪೇಡೆ ತೆಗೆದಿಟ್ಟಿರುತ್ತೇನೆ. ಅವ್ವನ ಎಡಗೈ ಈಗ ಬಹಳ ಚುರುಕಾಗಿದೆ, ಬೇಗ ಬಂದರೆ ನಿನ್ನ ಪಾಲು ಉಳಿದೀತು.

ನಿನ್ನ,
ಧಾರವಾಡದ ಗೆಳೆಯ